ಉಂಗುರ ನಲವತ್ತೊಂದು

ನಿನ್ನ ಹೆಸರು ನನಗೆ ಗೊತ್ತಿಲ್ಲ.
ಹಂಗೇರಿಯವಳೋ ಪೋಲೆಂಡಿನವಳೋ,
ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.
ಕ್ಯಾಮೆರಾದ ಮುಂದೆ ನೀನು ಆಡಿದ್ದು ಮಾತಲ್ಲ, ಬರೀ ಲೆಕ್ಕ:
ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ತಮೂರು.
ತುಟಿ ಅಲುಗಿದರೆ ಸಾಕು,
ಮಾತು ಆಮೇಲೆ ರೋಮಿನಲ್ಲಿ ಸಿಗುತ್ತದೆ, ಅಗ್ಗಕ್ಕೆ.

ಆ ಅಗ್ಗದವಳು ನಾನು. ನಿವೆಸ್.
ನೆಲಮಾಳಿಗೆಯ ಕತ್ತಲು, ಕಿವಿಗೆ ಹೆಡ್‌ಫೋನು,
ಹೆಜ್ಜೆ ಸದ್ದು ಮೈಕಿಗೆ ಕೇಳದಂತೆ ಪಾದಕ್ಕೆ ಉಣ್ಣೆಯ ಚೀಲ.
ನಿನ್ನ ಲೆಕ್ಕದ ಮೇಲೆ ಬಯಕೆ ಹಚ್ಚುತ್ತೇನೆ
ರೊಟ್ಟಿಗೆ ಬೆಣ್ಣೆ ಹಚ್ಚಿದ ಹಾಗೆ, ಅಂಚಿನವರೆಗೂ.
ಕಪ್ಪು ಕೈಗವಸನ್ನು ನೀನು ಬೆರಳು ಬೆರಳಾಗಿ ಕಳಚುವಾಗ
ಉಸಿರು ನನ್ನದು.
ನಿನ್ನ ಬೆನ್ನಿನ ಗುಂಡಿ ಅವನು ಬಿಚ್ಚುವಾಗ
ಗಂಟಲಲ್ಲಿ ಸಿಕ್ಕಿಕೊಂಡ ಆ ಸಣ್ಣ ಸದ್ದು ನನ್ನದು.
ಹದಿನಾಲ್ಕು ತಿಂಗಳಿಂದ ಯಾರೂ ಮುಟ್ಟದ ಮೈಯನ್ನು
ನಿನಗೆ ಸಾಲ ಕೊಟ್ಟಿದ್ದೇನೆ.
ನರಳಿಕೆಗೆ ಇಷ್ಟು, ಪಿಸುಮಾತಿಗೆ ಇಷ್ಟು,
ಕಿರುಚಿದರೆ ಹೆಚ್ಚು.

ಕಥೆ ಎಲ್ಲರಿಗೂ ಗೊತ್ತಿರುವುದೇ:
ಗಂಡನನ್ನು ಕೊಂದವರು ಮೂವರು,
ಒಬ್ಬೊಬ್ಬನ ಹಾಸಿಗೆಗೂ ಶೋಕದ ಬಟ್ಟೆಯಲ್ಲೇ ಹೋಗುತ್ತೀಯ,
ಬೆಳಗಾಗುವಾಗ ಒಬ್ಬ ಕಡಿಮೆ.
ಮೊದಲನೆಯವನಿಗೆ ಸ್ನಾನದ ತೊಟ್ಟಿ. ಎರಡನೆಯವನಿಗೆ ಕತ್ತರಿ.
ಮೂರನೆಯವನ ಕಾರಿನ ಬ್ರೇಕು.

ಇಲ್ಲಿ ರೀಲನ್ನು ತುಂಡು ಮಾಡಿ ತುದಿಗೆ ತುದಿ ಅಂಟಿಸುತ್ತಾರೆ,
ಸುತ್ತಿ ಸುತ್ತಿ ಅದೇ ಬರಲಿ ಎಂದು.
ಅದಕ್ಕೆ ಉಂಗುರ ಎನ್ನುತ್ತಾರೆ.
ನನ್ನದನ್ನು ಹೋದ ಚಳಿಗಾಲ ಅಡವಿಟ್ಟೆ;
ಆ ಶಬ್ದ ಕೇಳಿದಾಗಲೆಲ್ಲ ಬೆರಳು ಮುಟ್ಟಿಕೊಳ್ಳುತ್ತೇನೆ.

ಉಂಗುರ ನಲವತ್ತೊಂದು.
ಸಮುದ್ರದ ಮೇಲಿನ ತಿರುವು. ಬಿಳಿ ಕಾರು. ಸಂಜೆ.
ಒಳಗಿರುವುದು ಮೂರನೆಯ ಪಾಪಿಯಲ್ಲ,
ಅವನ ಕೋಟು ತೊಟ್ಟ ನನ್ನ ಅಲ್ವಾರೊ.
ಬೀಳುವುದೇ ಅವನ ಕಸುಬು.
ಕುದುರೆಯಿಂದ, ಮಹಡಿಯಿಂದ ಬಿದ್ದು, ಎದ್ದು, ಮನೆಗೆ ಬಂದು
ಬೆನ್ನಿಗೆ ಕರ್ಪೂರದೆಣ್ಣೆ ತಿಕ್ಕಿಸಿಕೊಳ್ಳುತ್ತಿದ್ದ.
ಆವತ್ತು ತಿರುವಿಗೆ ಮುಂಚೆ ವೇಗ ತಗ್ಗಿಸಿ ಹಾರಬೇಕಿತ್ತು.
ಬ್ರೇಕು ಹಿಡಿಯುತ್ತಿಲ್ಲ ಎಂದು ಮೆಕ್ಯಾನಿಕ್ ಗುರುವಾರವೇ ಹೇಳಿದ್ದ.
ಬೆಳಕು ಹೋಗುತ್ತಿದೆ, ಹೊರಡಿ, ಎಂದಿದ್ದ
ನಿರ್ಮಾಪಕ ಗಾಸ್ಪರೆ ಲೊಮ್ಮಿ.

ಶಾಟು ಚೆನ್ನಾಗಿ ಬಂದಿತ್ತು. ಇಟ್ಟುಕೊಂಡರು.

ಮಣ್ಣಿಗೆ ಬಂದ ಹೂಚಕ್ರಗಳಲ್ಲಿ ಅವನದೇ ದೊಡ್ಡದು.
ಲಕೋಟೆ ಕೊಡುವಾಗ ನನ್ನ ಬೆನ್ನಿಗೆ ಬಂದ ಕೈ
ಸಂತಾಪಕ್ಕಿಂತ ಒಂದು ಗೇಣು ಕೆಳಗಿತ್ತು.
'ಕೆಲಸ ಬೇಕಾದರೆ ಹೇಳು. ನಿನ್ನ ದನಿಯಲ್ಲಿ ಏನೋ ಇದೆ.'
ಇದೆ.
ಹಾವಿನ ದ್ವೇಷ ಹನ್ನೆರಡು ವರುಷವಂತೆ;
ಹಾವಿಗೆ ಮನೆ ಬಾಡಿಗೆಯ ಚಿಂತೆಯಿಲ್ಲ.

ಕಾಗದದಲ್ಲಿ ಬರೆದಿತ್ತು: ವಿಧವೆ ನಗುತ್ತಾಳೆ, ದೀರ್ಘವಾಗಿ, ತೃಪ್ತಿಯಿಂದ.
ಒಂಬತ್ತು ಸಲ ಕಾರು ಬಿತ್ತು.
ಒಂಬತ್ತು ಸಲ ಏನೂ ಆಗದಂತೆ ತಿರುವಿಗೆ ವಾಪಸು ಬಂತು.
ಆಗ ಕಂಡೆ: ಆ ಹೊತ್ತಿಗೆ ನೀನು
ಬೆನ್ನು ತಿರುಗಿಸಿ ನಿಂತಿದ್ದೀಯ, ಗಾಳಿಯಲ್ಲಿ ಮುಸುಕು.
ತುಟಿ ಕಾಣುವುದಿಲ್ಲ.
ಏನು ಬೇಕಾದರೂ ಹೇಳಬಹುದು.
ಹೇಳಿದೆ,
ದಿಂಬಿನ ಮೇಲೆ ಹೇಳುವ ದನಿಯಲ್ಲಿ, ಮೈಕಿಗೆ ತುಟಿ ತಾಗುವಷ್ಟು ಹತ್ತಿರ.
ಗಾಜಿನಾಚೆ ರುಜ್ಜೇರೊ, ಅಲ್ವಾರೊನ ಜೊತೆ ಇಸ್ಪೀಟು ಆಡುತ್ತಿದ್ದವನು,
ಮೀಟರಿನ ಮುಳ್ಳು ನೋಡಿದ, ನನ್ನನ್ನು ನೋಡಲಿಲ್ಲ.
'ಇದು ಇರಲಿ' ಎಂದ.

ಇವತ್ತು ಮೊದಲ ಆಟ.
ಕೊನೆಯ ಸಾಲಿನಲ್ಲಿ ನಾನು, ಹುರಿದ ಕುಂಬಳಬೀಜದ ಪೊಟ್ಟಣ ಹಿಡಿದು.
ನಡುವೆ ಲೊಮ್ಮಿ; ಎಡಕ್ಕೆ ಹೆಂಡತಿ, ಬಲಕ್ಕೆ ಬ್ಯಾಂಕಿನವನು.
ಮುಗಿದ ಚಿತ್ರ ಮೊದಲೇ ನೋಡುವ ಅಭ್ಯಾಸ ಅವನಿಗಿಲ್ಲ,
ಅವನೂ ನಿನ್ನ ಹಾಗೆ, ಬರೀ ಲೆಕ್ಕ.
ಕಾರು ತಿರುವಿಗೆ ಬಂತು. ನೀನು ಬೆನ್ನು ತಿರುಗಿಸಿದೆ.
ಮುನ್ನೂರು ಕಿವಿಗಳಲ್ಲಿ ನನ್ನ ಬಿಸಿಯುಸಿರು:
'ಗಾಸ್ಪರೆ... ಗಾಸ್ಪರೆ ಲೊಮ್ಮಿ...
ಗುರುವಾರ ಮೆಕ್ಯಾನಿಕ್ ಏನು ಹೇಳಿದ ನಿನಗೆ?'

ಎದ್ದು ನಿಂತ.
ಅವನ ತಲೆಯ ನೆರಳು ಸಮುದ್ರದ ಮೇಲೆ ಬಿತ್ತು,
ಬಿಳಿ ಕಾರು ಅದರೊಳಗೆ ಬಿತ್ತು.
ಹಿಂದಿನಿಂದ ಯಾರೋ: ಕೂತ್ಕೊಳಯ್ಯಾ!

ಇನ್ನೂ ಹದಿನಾರು ಪ್ರಿಂಟು ರೈಲಿನಲ್ಲಿವೆ, ಬಾರಿಗೆ, ಪಲೆರ್ಮೊಗೆ, ಉದಿನೆಗೆ.
ಎಲ್ಲಾದರೂ ಕೇಳಿಸಿದರೆ
ನೀನೇ ಆಡಿದ ಮಾತು ಅಂದುಕೋ.
ನಗು ಮಾತ್ರ ನನ್ನ ಹತ್ತಿರವೇ ಉಳಿದಿದೆ.
ಅದಕ್ಕೂ ದುಡ್ಡು ತೆಗೆದುಕೊಂಡಿದ್ದೇನೆ,
ಕೊಟ್ಟಿಲ್ಲ.